ಕೊಕ್ಕೆಯ ಕೆಳಗೊಂದು ಚುಕ್ಕಿ

ಜುಲೈ 1, ಮಂಗಳವಾರ

ಬೆಳಿಗ್ಗೆಯಿಂದ ಮೂರು ಸೆಟ್ ಕಟ್ಟುಹಲ್ಲು. ಎರಡು ಮೇಲಿನ ದವಡೆ, ಒಂದು ಪೂರ್ತಿ. ಪೂರ್ತಿಯದು ಆ ನಿವೃತ್ತ ಬಸ್ ಕಂಡಕ್ಟರರದ್ದು, ನಾಲ್ಕನೇ ಸಲ ವಾಪಸ್ ಬಂದಿದೆ. ‘ನಗುವಾಗ ಬೀಳುತ್ತದಂತೆ’ ಎಂದು ಡಾಕ್ಟರು ಚೀಟಿ ಅಂಟಿಸಿ ಕಳಿಸಿದ್ದಾರೆ. ಈ ವಯಸ್ಸಿನಲ್ಲಿ ಅಷ್ಟೊಂದು ನಗುವಂಥದ್ದು ಏನಿದೆಯೋ! ಮೇಣ ಕಾಯಿಸಿ ಮತ್ತೆ ಕೂಡಿಸಿದೆ. ಐದಕ್ಕೆ ಲ್ಯಾಬ್ ಮುಚ್ಚಿದೆ. ಉಗುರಿನ ಸಂದಿಯ ಪ್ಲಾಸ್ಟರ್ ಕೆರೆದು, ಪಿಟೀಲು ಹೆಗಲಿಗೇರಿಸಿ ಅಭ್ಯಾಸಕ್ಕೆ ಗ್ರಂಥಾಲಯದ ಮಹಡಿ ಹತ್ತಿದೆ.

ನಮ್ಮ ವಾದ್ಯತಂಡ ನಡೆಸುತ್ತಿದ್ದ ಮೇಷ್ಟ್ರು ತೀರಿಕೊಂಡು ನಾಲ್ಕು ತಿಂಗಳು. ತಂಡ ಮುರಿದುಬೀಳುತ್ತದೆ ಅಂದುಕೊಂಡಿದ್ದೆ, ಬಿದ್ದಿಲ್ಲ. ಹದಿನಾಲ್ಕು ಜನರೂ ಬರುತ್ತಿದ್ದೇವೆ. ಮೇಷ್ಟ್ರ ಜಾಗದಲ್ಲಿ ನಿಂತು ತಾಳದ ಕಡ್ಡಿ ಬೀಸುತ್ತಿರುವವಳು ಬ್ಯಾಂಡ್ ಟೀಚರ್ — ಶಾಲೆಯೊಂದರಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಾಳೆ. ಎರಡು ವರ್ಷದ ಹಿಂದೆ ಸೇರಿದವಳು. ನನ್ನ ಪಕ್ಕದಲ್ಲೇ ಕೂತು ವಯೋಲಾ, ಅಂದರೆ ದಪ್ಪ ದನಿಯ ಪಿಟೀಲು, ನುಡಿಸುತ್ತಿದ್ದಳು. ಒಳ್ಳೆಯ ಹುಡುಗಿ, ಆದರೆ ಹೊಸಬಳು. ನಾನು ಎರಡನೇ ಪಿಟೀಲಿನ ಸಾಲಿಗೆ ಮೊದಲಿಗ, ಮೂವತ್ತೊಂದು ವರ್ಷದಿಂದ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಆದರೂ ಕೇಳಬಹುದಿತ್ತು.

ಇವತ್ತು ಮೇಷ್ಟ್ರ ಮಗಳು ಬಂದಿದ್ದಳು. ಬಟ್ಟೆಚೀಲದಲ್ಲಿ ಮೇಷ್ಟ್ರು ಸ್ವಂತ ರಚಿಸಿದ ಕೃತಿ. ಇಡೀ ಜೀವನದಲ್ಲಿ ಅವರು ಬರೆದದ್ದು ಅದೊಂದೇ. ಚಳಿಗಾಲದಲ್ಲಿ ನಮ್ಮ ಕೈಲಿ ಅಭ್ಯಾಸ ಮಾಡಿಸುತ್ತಿದ್ದರು, ಅಷ್ಟರಲ್ಲಿ ಹೋದರು. ಸೆಪ್ಟೆಂಬರ್ 13ಕ್ಕೆ ಅವರ ನೆನಪಿನಲ್ಲಿ ಅದನ್ನು ನುಡಿಸಬೇಕು, ಅದೇ ಹೊತ್ತಿಗೆ ಅಚ್ಚೂ ಹಾಕಿಸಿ ಬೇರೆ ಬೇರೆ ತಂಡಗಳಿಗೆ ಕಳಿಸಬೇಕು ಅಂತ ಅವಳ ಆಸೆ.

ನಮ್ಮ ಹಾಳೆಗಳಲ್ಲಿ ಅವರವರ ಸಾಲು ಮಾತ್ರ. ಎಲ್ಲರ ಸಾಲೂ ಒಟ್ಟಿಗಿರುವ ದೊಡ್ಡ ಪ್ರತಿ ಮೇಷ್ಟ್ರ ಬಳಿ ಮಾತ್ರ ಇತ್ತು. ಯಾರ ಕೈಗೂ ಕೊಡುತ್ತಿರಲಿಲ್ಲ. ಇವತ್ತು ಕಣ್ಣಾರೆ ಕಂಡೆ. ಇಂಕಿನಲ್ಲಿ ಸ್ವರಗಳು, ಮುತ್ತು ಪೋಣಿಸಿದ ಹಾಗೆ. ಅಲ್ಲಲ್ಲಿ ಸ್ವರ ಬರೆಯುವ ಐದು ಗೆರೆಗಳ ಮೇಲೆ ಪೆನ್ಸಿಲಿನ ಗುರುತು — ಒಂದು ಕೊಕ್ಕೆ, ಅದರ ಕೆಳಗೊಂದು ಚುಕ್ಕಿ.

‘ಅಂಕಲ್, ಇದೇನು? ಅಚ್ಚು ಹಾಕೋರು ಕೇಳ್ತಿದ್ದಾರೆ. ಯಾವ ಪುಸ್ತಕದಲ್ಲೂ ಇಲ್ವಂತೆ. ನಿಮಗಾದ್ರೆ ಗೊತ್ತಿರತ್ತೆ ಅಂತ…’

ಹದಿಮೂರು ಜನರೂ ನನ್ನ ಕಡೆ ತಿರುಗಿದರು.

‘ಗೊತ್ತಮ್ಮ’ ಅಂದೆ. ‘ಬರೆದುಕೊಡ್ತೀನಿ.’

ಗೊತ್ತಿಲ್ಲ.

ಜುಲೈ 3, ಗುರುವಾರ

ಮಧ್ಯಾಹ್ನ ಲ್ಯಾಬ್ ಬಿಟ್ಟು ಗ್ರಂಥಾಲಯ. ಸಂಗೀತದ ನಿಘಂಟು ಎರಡು ಸಂಪುಟ, ಧೂಳು ಕುಡಿದು ಕೂತಿವೆ. ಕಮಾನಿನ ಕೆಳಗೆ ಚುಕ್ಕಿ ಇದ್ದರೆ ಸ್ವರವನ್ನು ಹಿಡಿದು ನಿಲ್ಲಬೇಕು, ಅದು ಮಕ್ಕಳಿಗೂ ಗೊತ್ತು. ಅಲೆಯಂಥದ್ದು, ಬೆಣೆಯಂಥದ್ದು, ಕೂದಲೆಳೆಯಂಥದ್ದು, ಎಲ್ಲ ಇವೆ. ಕೊಕ್ಕೆ ಇಲ್ಲ.

ಅಂದರೆ ಇದು ಮೇಷ್ಟ್ರ ಸ್ವಂತದ ಗುರುತು.

ಮಗಳು ನನ್ನ ಬಳಿ ಬಿಟ್ಟುಹೋದ ಪ್ರತಿಯಲ್ಲಿ ಎಣಿಸಿದೆ. ಹದಿನೇಳು ಕೊಕ್ಕೆ. ಮೂರನೇ ಭಾಗದಲ್ಲೇ ಹನ್ನೊಂದು. ಎಲ್ಲವೂ ಸ್ವರಗಳು ದಡದಡ ಓಡುವ ಜಾಗದಲ್ಲಿ. ಕಣ್ಣು ಮುಚ್ಚಿ ಆ ಜಾಗಗಳನ್ನು ನೆನೆದೆ. ಹೌದು! ಅಲ್ಲಿ ಮೇಷ್ಟ್ರ ಕೈ ಒಂದಿಷ್ಟು ಮೆದುವಾಗುತ್ತಿತ್ತು, ತಾಳ ಕೂದಲೆಳೆಯಷ್ಟು ಹಿಂದೆ ಜಗ್ಗುತ್ತಿತ್ತು. ಚೆನ್ನಾಗಿ ನೆನಪಿದೆ. ಹಾಗಾದರೆ ಅರ್ಥ ಇಷ್ಟೇ: ಓಟದ ನಡುವೆ ಸ್ವಲ್ಪ ಹಿಗ್ಗಿಸಿ, ತೂಗಿ, ಬಿಡುವುದು.

ಕುಣಿಯುವ ಹಾಗಾಯಿತು. ಎಷ್ಟಾದರೂ ಮೂವತ್ತೊಂದು ವರ್ಷ ಸುಮ್ಮನೆ ಕಳೆದಿಲ್ಲ.

ಜುಲೈ 4, ಶುಕ್ರವಾರ

ಹೇಳಿದೆ. ಹೆಸರನ್ನೂ ಇಟ್ಟೆ — ‘ತೂಗು’. ಎಲ್ಲರೂ ತಲೆದೂಗಿದರು. ಸೆಲ್ಲೋ ಅಣ್ಣ (ಮಂಡಿ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು ಅವನದು; ಲಿಫ್ಟ್ ರಿಪೇರಿಯವನು, ಆನೆಯಂಥ ಮೈ, ಮಗುವಿನಂಥ ಮನಸ್ಸು) ‘ಹೌದು ಹೌದು, ಮೇಷ್ಟ್ರು ಅಲ್ಲಿ ನಿಧಾನ ಮಾಡೋರು, ನಂಗೂ ನೆನಪಿದೆ’ ಅಂದ.

ಬ್ಯಾಂಡ್ ಟೀಚರ್ ಪ್ರತಿಯನ್ನೇ ನೋಡುತ್ತಿದ್ದಳು. ‘ಸರ್, ಇದು ಮೇಷ್ಟ್ರು ನಿಮಗೆ ಹೇಳಿದ್ರಾ?’

ಇಲ್ಲ, ನಾನೇ ಊಹಿಸಿದ್ದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ತಲೆ ತೆಗೆಯುತ್ತಿರಲಿಲ್ಲ.

‘ಅವರೇ ಕೂರಿಸಿಕೊಂಡು ಹೇಳಿಕೊಟ್ಟಿದ್ದು’ ಅಂದೆ.

ಸುಳ್ಳು ಹೇಳಿದ್ದು ಸರಿಯಲ್ಲ. ಆದರೆ ಅರ್ಥವಂತೂ ಸರಿಯಾಗಿಯೇ ಇದೆಯಲ್ಲ. ಇಷ್ಟಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬಾರದು.

ಜುಲೈ 22, ಮಂಗಳವಾರ

ತೂಗು ಚೆನ್ನಾಗಿ ಕೂತಿದೆ. ನಾನೇ ಒಬ್ಬೊಬ್ಬರ ಪಕ್ಕ ನಿಂತು ಹೇಳಿಕೊಡುತ್ತಿದ್ದೇನೆ. ಮೊದಲು ಕೂದಲೆಳೆಯಷ್ಟಿತ್ತು, ಈಗ ಹಗ್ಗದಷ್ಟಾಗಿದೆ. ಹಿಗ್ಗಬೇಕು, ಕೇಳುವವರಿಗೆ ಗೊತ್ತಾಗಬೇಕು ಅಂದೆ. ಮೇಷ್ಟ್ರ ಮಗಳು ಕಣ್ಣೊರೆಸಿಕೊಂಡಳು. ಅಚ್ಚಿನ ಪ್ರತಿಯ ಮೊದಲ ಪುಟದಲ್ಲಿ ‘ಗುರುತುಗಳ ವಿವರಣೆ’ ಅಂತ ನನ್ನ ಹೆಸರಿನಲ್ಲೇ ಹಾಕುತ್ತಾಳಂತೆ.

ಮನೆಯವಳಿಗೆ ಹೇಳಿದೆ. ‘ಮೇಷ್ಟ್ರಿಗೆ ನನ್ನ ಮೇಲೆ ಎಷ್ಟು ಭರವಸೆ ಅಂದ್ರೆ, ಎಲ್ಲರನ್ನೂ ಗದರಿಸೋರು, ನನ್ನ ಕಡೆ ಒಂದು ಸಲಾನೂ ತಿರುಗಿ ನೋಡ್ತಿರಲಿಲ್ಲ.’

‘ಈ ಕತೆ ನಂಗೆ ಬಾಯಿಪಾಠ. ಮೊದ್ಲು ನಿಧಾನಕ್ಕೆ ಉಣ್ಣಿ. ಯಾರೂ ಅಟ್ಟಿಸಿಕೊಂಡು ಬಂದಿಲ್ಲ’ ಅಂದಳು.

ಆಗಸ್ಟ್ 1, ಶುಕ್ರವಾರ

ಅಭ್ಯಾಸ ಮುಗಿಸಿ ಬಂದು ಊಟಕ್ಕೂ ಏಳದೆ ಬರೆಯುತ್ತಿದ್ದೇನೆ.

ಟೀಚರ್ ಅರ್ಧಕ್ಕೆ ಕಡ್ಡಿ ಇಳಿಸಿದಳು. ‘ಸರ್, ಬೇಜಾರು ಮಾಡ್ಕೋಬೇಡಿ. ಈ ತೂಗು ಇಲ್ಲಿ ಒಗ್ಗಲ್ಲ. ಸಂಗೀತ ಓಡಬೇಕು ಅಂತಿದೆ, ನಾವು ಕಾಲು ಹಿಡಿದು ಎಳೀತಿದ್ದೀವಿ. ಒಂದು ಸಲ ಇಲ್ದೇ ನುಡಿಸಿ ನೋಡೋಣ್ವಾ?’

ನನಗೆ ಏನಾಯಿತೋ. ಎದ್ದು ನಿಂತೆ. ‘ನೀವು ಮೇಷ್ಟ್ರನ್ನ ನೋಡಿದ್ದೇ ಎರಡು ವರ್ಷ. ನಿನ್ನೆ ಮೊನ್ನೆ ಬಂದು ಅವರನ್ನೇ ತಿದ್ದೋಕೆ ಹೊರಟ್ರಾ? ಇದು ಮಕ್ಕಳ ಬ್ಯಾಂಡ್ ಅಲ್ಲಮ್ಮ.’

ಅವಳ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮುಚ್ಚಿಕೊಂಡಳು. ಆಮೇಲೆ ಹೇಳಿದ ಹಾಗೆಯೇ ಕೈ ಬೀಸಿದಳು.

ಸ್ವಲ್ಪ ಜಾಸ್ತಿಯಾಯಿತೇನೋ. ಆದರೆ ಹಿರಿಯರಿಗೊಂದು ಬೆಲೆ ಬೇಡವೇ?

ಆಗಸ್ಟ್ 5, ಮಂಗಳವಾರ

ಟೀಚರ್ ಬರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಕೆಲಸವಂತೆ, ಬೇರೆಯವರನ್ನು ನೋಡಿಕೊಳ್ಳಿ ಅಂತ ಮೆಸೇಜ್. ಕುರ್ಚಿ ಬಡಿದುಕೊಂಡು ಲೆಕ್ಕ ಹಾಕುತ್ತಾ ನುಡಿಸಿದೆವು. ಕೆಟ್ಟದಾಗಿತ್ತು.

ಆಗಸ್ಟ್ 17, ಭಾನುವಾರ. ಬೆಳಿಗ್ಗೆ 11

ಮೇಷ್ಟ್ರ ಮಗಳು ಹಳೆಯ ದೊಡ್ಡ ಪ್ರತಿಗಳ ಸೂಟ್‌ಕೇಸ್ ಮನೆಗೇ ತಂದಿಟ್ಟು ಹೋದಳು. ‘ಅಂಕಲ್, ಬೇರೆ ಗುರುತು ಏನಾದ್ರೂ ಇದ್ರೆ ವಿವರಣೆಗೆ ಸೇರಿಸಿ. ನಂಗೆ ಇದು ಒಂದೂ ಅರ್ಥ ಆಗಲ್ಲ, ನಾನು ಬಿಚ್ಚಿಯೂ ನೋಡಿಲ್ಲ.’ ಒಟ್ಟು ನಲವತ್ತೆರಡು ಪ್ರತಿ. ನಾವು ನುಡಿಸಿದ ಕವಾಯತಿನ ಮಾರ್ಚ್‌ಗಳು, ಕುಣಿತದ ವಾಲ್ಟ್ಜ್‌ಗಳು, ಎಲ್ಲ.

ಎಲ್ಲದರಲ್ಲೂ ಕೊಕ್ಕೆ ಇದೆ. ಬೇರೆಯವರ ಕೃತಿಗಳಲ್ಲೂ. ಇದೇನಿದು! ತೂಗು ಮೇಷ್ಟ್ರ ಕೃತಿಯದ್ದಲ್ಲವೇ?

ಅದೇ ದಿನ, ಮಧ್ಯಾಹ್ನ 3

ಒಂದು ಪ್ರತಿಯಲ್ಲಿ ಮಾತ್ರ ಇಲ್ಲ. ಒಂದೇ ಒಂದು ಕೊಕ್ಕೆಯೂ ಇಲ್ಲ. ತಾರೀಖು ನೋಡಿದೆ. ನನಗೆ ಹರ್ನಿಯಾ ಆಪರೇಷನ್ ಆಗಿ ಆರು ತಿಂಗಳು ಮನೆಯಲ್ಲಿದ್ದೆನಲ್ಲ, ಆಗ ನುಡಿಸಿದ್ದು.

ಸೂಟ್‌ಕೇಸ್ ಮುಚ್ಚಿಬಿಡೋಣ ಅನ್ನಿಸಿತು. ಆದರೂ ಬಿಡದೆ ತಳದವರೆಗೆ ಹೋದೆ. ಎಲ್ಲಕ್ಕಿಂತ ಹಳೆಯದು ಒಂದು ಮಾರ್ಚ್. ನಾನು ಸೇರಿದ ವರ್ಷದ್ದು. ಅದರ ನಾಲ್ಕನೇ ಪುಟದಲ್ಲಿ ಮೊದಲ ಕೊಕ್ಕೆ, ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲೇ ಮೇಷ್ಟ್ರ ಅಕ್ಷರ:

‘ಎರಡನೇ ಪಿಟೀಲು: ಹಲ್ಲಿನವರು ಇಲ್ಲಿ ಓಡುತ್ತಾರೆ. ತಾಳ ಸಡಿಲಿಸಿದರೆ ಬೆರಳು ಹತೋಟಿಗೆ ಬಂದು ಜೊತೆಗೂಡುತ್ತಾರೆ. ಅವರ ಕಡೆ ನೋಡಬಾರದು. ನೊಂದುಕೊಂಡಾರು.’

ಹಲ್ಲಿನವರು ಅಂದರೆ ನಾನು. ತಂಡದಲ್ಲಿ ಹಲ್ಲು ಮಾಡುವವನು ಇನ್ನೊಬ್ಬನಿಲ್ಲ.

ಆಮೇಲಿನ ಪುಟಗಳಲ್ಲಿ ಮಾತಿಲ್ಲ. ಬರೀ ಕೊಕ್ಕೆ. ಮೂವತ್ತೊಂದು ವರ್ಷ, ನಾನೆಲ್ಲಿ ಎಡವುತ್ತೇನೋ ಅಲ್ಲೆಲ್ಲ ಒಂದು ಕೊಕ್ಕೆ.

ಅದೇ ದಿನ, ಸಂಜೆ 5

ಉಜ್ಜಿಬಿಟ್ಟೆ.

ಮೇಜಿನ ಖಾನೆಯಲ್ಲಿ ರಬ್ಬರ್ ಇತ್ತು. ಕೈ ತಾನಾಗಿ ಹೋಯಿತು ಅಂತ ಬರೆಯಬಹುದು, ಹಾಗೇನಿಲ್ಲ. ಬಾಗಿಲು ಹಾಕಿಕೊಂಡು, ಮನೆಯವಳು ಅಂಗಡಿಗೆ ಹೋದದ್ದು ಖಾತ್ರಿ ಮಾಡಿಕೊಂಡು, ಹಾಳೆ ಹರಿಯದ ಹಾಗೆ ಬೆರಳಲ್ಲಿ ಒತ್ತಿಹಿಡಿದು ಉಜ್ಜಿದೆ. ಹಲ್ಲು ಪಾಲಿಶ್ ಮಾಡುವವನಿಗೆ ಕಲಿಸಬೇಕೇ. ನಾಲ್ಕು ವಾಕ್ಯವೂ ಹೋಯಿತು. ಬೆಳಕಿಗೆ ಹಿಡಿದರೆ ಒತ್ತಿದ ಗೀರು ಮಾತ್ರ ಕಾಣುತ್ತದೆ.

ರಬ್ಬರಿನ ಪುಡಿ ಊದಿ ಹಾರಿಸಿದೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟೆ. ಥೂ.

ಆಗಸ್ಟ್ 26, ಮಂಗಳವಾರ

ಒಂಬತ್ತು ದಿನ ಬರೆಯಲಿಲ್ಲ. ಈ ಪುಸ್ತಕಕ್ಕೆ ಮುಖ ತೋರಿಸಲೂ ನಾಚಿಕೆ. ಅಭ್ಯಾಸಕ್ಕೆ ಹೋಗಿದ್ದೇನೆ. ತೂಗು ತೂಗು ಅಂತ ಎಲ್ಲರೂ ತೂಗುತ್ತಿದ್ದಾರೆ, ನನ್ನ ಎಡವಟ್ಟನ್ನು ಉಳಿದ ಹನ್ನೆರಡು ಜನ ಮನಸಾರೆ ನುಡಿಸುತ್ತಿದ್ದಾರೆ. ಸೆಲ್ಲೋ ಅಣ್ಣನಂತೂ ಕಣ್ಣು ಮುಚ್ಚಿ ಹಿಗ್ಗಿಸುತ್ತಾನೆ. ಇದೇ ಅಚ್ಚಾಗಿ ಊರೂರಿಗೆ ಹೋಗುತ್ತದೆ. ಗುರುತು ಗೊತ್ತಿಲ್ಲದ ಜನ, ಮೇಷ್ಟ್ರನ್ನು ಕಾಣದ ಜನ, ಮೇಷ್ಟ್ರು ಬರೆದದ್ದು ಹೀಗೇ ಅಂತ ನಂಬಿ ನುಡಿಸುತ್ತಾರೆ. ಅವರ ಒಂದೇ ಒಂದು ಕೃತಿ.

ಸೆಪ್ಟೆಂಬರ್ 1ಕ್ಕೆ ಅಚ್ಚಿಗೆ ಕೊಡುತ್ತಾರೆ.

ಮನೆಯವಳನ್ನು ಕೇಳಿದೆ. ‘ನಾನು ಪಿಟೀಲು ನುಡಿಸುವಾಗ ಓಡ್ತೀನಾ?’

ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲೇ ಇಲ್ಲ. ‘ಊಟದಲ್ಲಿ ಓಡ್ತೀರಿ, ಮಾತಲ್ಲಿ ಓಡ್ತೀರಿ, ರಸ್ತೆ ದಾಟುವಾಗ ನನ್ನ ಬಿಟ್ಟು ಓಡ್ತೀರಿ. ಪಿಟೀಲು ಏನು ಪಾಪ ಮಾಡಿತ್ತು?’

ಎಲ್ಲ ಹೇಳಿಬಿಟ್ಟೆ. ರಬ್ಬರಿನದ್ದೂ ಹೇಳಿದೆ. ಅವಳು ಸೊಪ್ಪು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

‘ಮೊದ್ಲು ಆ ಹುಡುಗಿ ಹತ್ರ ಹೋಗಿ’ ಅಂದಳು ಅಷ್ಟೇ.

ಆಗಸ್ಟ್ 28, ಗುರುವಾರ

ಶಾಲೆ ಬಿಡುವ ಹೊತ್ತಿಗೆ ಹೋದೆ. ವಾದ್ಯದ ಕೋಣೆ ಮೆಟ್ಟಿಲ ಕೆಳಗೆ. ಡ್ರಮ್ಮುಗಳು, ಒಡೆದ ಸ್ಟ್ಯಾಂಡುಗಳು, ಕಿಟಕಿಯಲ್ಲಿ ಒಣಗಲು ಇಟ್ಟ ಕೊಳಲುಗಳು. ಟೀಚರ್ ಒಂದು ಡ್ರಮ್ಮಿಗೆ ಹೊಸ ಚರ್ಮ ಬಿಗಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅಷ್ಟು ಅಂದವನಿಗೆ ಎದ್ದು ನಿಂತಳು.

ನಿಂತಲ್ಲೇ ಹೇಳಿದೆ. ಕೊಕ್ಕೆ ಸಂಗೀತದ್ದಲ್ಲ, ನನ್ನದು ಅಂತ.

ಅವಳು ಸ್ಪ್ಯಾನರ್ ಕೆಳಗಿಟ್ಟಳು. ‘ಗೊತ್ತಿತ್ತು ಸರ್.’

‘ಯಾವಾಗಿಂದ?’

‘ನೀವು ಪ್ರತಿ ತೋರಿಸಿದ ದಿನವೇ. ನಾನು ಎರಡು ವರ್ಷ ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ… ಹದಿನೇಳೂ ಅದೇ ಜಾಗಗಳು.’

‘ಅವತ್ತು ನಾನು ಅಷ್ಟು ಕೂಗಾಡಿದಾಗ ಯಾಕಮ್ಮ ಹೇಳಲಿಲ್ಲ?’

‘ಎಲ್ಲರ ಮುಂದೆ ಹೇಗೆ ಹೇಳ್ಲಿ ಸರ್?’

ಮಕ್ಕಳ ಬೆಂಚಿನ ಮೇಲೆ ಕೂತೆ. ಮೇಷ್ಟ್ರು ಮುಚ್ಚಿಟ್ಟರು. ಇವಳೂ ಮುಚ್ಚಿಟ್ಟಳು. ಅದೂ ಬೈಸಿಕೊಂಡು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಾ ಅಂದೆ, ಕ್ಷಮಿಸು ಅಂದೆ. ಯೋಚಿಸಿ ಒಪ್ಪಿದಳು. ‘ಆದ್ರೆ ಮೇಷ್ಟ್ರ ಥರ ನಂಗೆ ಕಾಯೋಕೆ ಬರಲ್ಲ ಸರ್. ಕೃತಿಯ ವೇಗದಲ್ಲೇ ಹೋಗ್ತೀನಿ. ಮತ್ತೆ, ನೀವು ಯಾರಿಗೂ ಏನೂ ಹೇಳೋದು ಬೇಡ. ತೂಗು ಬೇಡ ಅಂತ ನಾನೇ ಹೇಳ್ತೀನಿ, ನನ್ನ ತೀರ್ಮಾನ ಅಂತ.’

‘ಆಗಲಿ’ ಅಂದೆ. ಎಷ್ಟು ಬೇಗ ಅಂದೆ! ಬಸ್ಸಿನಲ್ಲಿ ಇಡೀ ದಾರಿ ಹಾಯೆನಿಸುತ್ತಿತ್ತು. ಮನೆಗೆ ಬಂದು ಕನ್ನಡಿ ನೋಡಲಿಲ್ಲ.

ಆಗಸ್ಟ್ 29, ಶುಕ್ರವಾರ. ಅಭ್ಯಾಸ ಮುಗಿಸಿ, ಗ್ರಂಥಾಲಯದ ಮೆಟ್ಟಿಲ ಮೇಲೆ

ಈಗಲೇ ಬರೆಯುತ್ತೇನೆ. ಮನೆಗೆ ಹೋದರೆ ಸುಂದರ ಮಾಡಿ ಬರೆದುಬಿಟ್ಟೇನು.

ಟೀಚರ್ ಬಂದಳು. ಮೇಷ್ಟ್ರ ಮಗಳೂ ಇದ್ದಳು. ಟೀಚರ್ ನಿಂತು ಹೇಳಿದಳು: ‘ಇವತ್ತಿಂದ ತೂಗು ಬೇಡ. ಅಚ್ಚಿನಲ್ಲೂ ಬೇಡ. ನನ್ನ ತೀರ್ಮಾನ.’

ಸೆಲ್ಲೋ ಅಣ್ಣ ಕಮಾನು ಕೆಳಗಿಟ್ಟ. ‘ಏನಮ್ಮಾ ಹೀಗಂದ್ರೆ? ಮೇಷ್ಟ್ರೇ ಹಲ್ಲಣ್ಣನಿಗೆ ಹೇಳಿಕೊಟ್ಟಿದ್ದು. ನೀವು ಮೇಷ್ಟ್ರನ್ನ ನೋಡಿದ್ದೇ ಎರಡು ವರ್ಷ.’

ನನ್ನದೇ ಮಾತು. ಅಷ್ಟೂ ನನ್ನದೇ. ಹಿಂದಿನಿಂದ ಇನ್ನಿಬ್ಬರು ದನಿಗೂಡಿಸಿದರು. ಮೇಷ್ಟ್ರ ಮಗಳು ಎದ್ದು ‘ಅಪ್ಪ ಬರೆದಿದ್ದನ್ನ ಅಳಿಸೋಕೆ ನೀವ್ಯಾರು?’ ಅಂದಳು. ಟೀಚರ್ ನೆಲ ನೋಡುತ್ತಾ ನಿಂತಿದ್ದಳು. ಒಂದು ಸಲವೂ ನನ್ನ ಕಡೆ ಕಣ್ಣು ಹಾಯಿಸಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ತಕ್ಷಣ ಎದ್ದೆ ಅಂತ ಬರೆಯಲಾರೆ. ಅವಳಿಗೆ ಮೂರು ಜನ ಬೈದು ಮುಗಿಸುವವರೆಗೂ ಪಿಟೀಲಿನ ಕಿವಿ ತಿರುವುತ್ತಾ ಶ್ರುತಿ ಮಾಡುವವನಂತೆ ನಟಿಸಿದೆ. ಆಮೇಲೆ ಎದ್ದೆ.

‘ಅವಳನ್ನ ಬಿಡಿ. ಆ ಗುರುತು ಸಂಗೀತದ್ದಲ್ಲ. ಹಲ್ಲಿನವರು ಇಲ್ಲಿ ಓಡ್ತಾರೆ, ತಾಳ ಸಡಿಲಿಸಬೇಕು ಅಂತ ಮೇಷ್ಟ್ರು ಹಾಕಿಕೊಂಡಿದ್ದು. ನಲವತ್ತೆರಡು ಪ್ರತೀಲಿ ನಾನಿಲ್ಲದ ಒಂದನ್ನ ಬಿಟ್ಟು ಎಲ್ಲದರಲ್ಲೂ ಇದೆ. ಮೇಷ್ಟ್ರು ನನಗೆ ಏನೂ ಹೇಳಿಕೊಟ್ಟಿಲ್ಲ. ತೂಗು ಅನ್ನೋದು ನಾನು ಕಟ್ಟಿದ್ದು.’

ಯಾರೋ ಕುರ್ಚಿ ಸರಿಸಿದರು. ಸೆಲ್ಲೋ ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಷ್ಟಕ್ಕೆ ಕೂರಬಹುದಿತ್ತು. ಕೂರಲಿಲ್ಲ. ಯಾಕೋ ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದ ಆ ಹಳೆಯ ಮಾರ್ಚಿನ ಪ್ರತಿ ತೆಗೆದು ಮಗಳ ಕೈಗೆ ಕೊಟ್ಟೆ.

‘ಇಲ್ಲಿ ನಿಮ್ಮಪ್ಪ ನನ್ನ ವಿಷಯ ಬರೆದಿದ್ರಮ್ಮ. ನಾಲ್ಕು ವಾಕ್ಯ. ಉಜ್ಜಿಹಾಕಿದೆ.’

ಏನೇನಿತ್ತೋ ಅದನ್ನು ಬಾಯಲ್ಲಿ ಹೇಳಿದೆ. ‘ನೊಂದುಕೊಂಡಾರು’ ಅನ್ನುವುದನ್ನು ಎರಡು ಸಲ ಹೇಳಬೇಕಾಯಿತು. ಅವಳು ಕೇಳಿಸಿಕೊಂಡಳು. ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

‘ಅಪ್ಪ ಅಕ್ಷರದಲ್ಲಿ ಬರೆದಿದ್ದು ಬೇರೆ ಎಲ್ಲಾದ್ರೂ ಇದೆಯಾ ಅಂಕಲ್? ಇದರಲ್ಲೆಲ್ಲ ಬರೀ ಸ್ವರಗಳೇ ಅಲ್ವಾ?’

‘ಇಲ್ಲಮ್ಮ. ಮಾತಲ್ಲಿ ಬರೆದಿದ್ದು ಅದೊಂದೇ.’

ಅವಳು ಪ್ರತಿ ಮುಚ್ಚಿ ಎದೆಗೊತ್ತಿಕೊಂಡು ಹೊರಗೆ ಹೋದಳು. ನನ್ನ ಜನ್ಮದಲ್ಲಿ ಯಾರ ಮುಂದೂ ಅಷ್ಟು ಚಿಕ್ಕವನಾಗಿರಲಿಲ್ಲ. ಪಿಟೀಲು ಪೆಟ್ಟಿಗೆಗೆ ಹಾಕತೊಡಗಿದೆ. ಇನ್ನು ಯಾವ ಮುಖ ಇಟ್ಟುಕೊಂಡು ಕೂರಲಿ?

ಟಕ್ ಟಕ್ ಅಂತ ಸ್ಟ್ಯಾಂಡಿಗೆ ಕಡ್ಡಿ ಬಡಿದ ಸದ್ದು.

‘ಮೂರನೇ ಭಾಗ. ನೂರ ಹನ್ನೆರಡನೇ ಬಾರ್. ಎರಡನೇ ಪಿಟೀಲು ಮಾತ್ರ’ ಅಂದಳು ಟೀಚರ್. ‘ಸರ್, ಪಿಟೀಲು ತಗೊಳ್ಳಿ.’

ತಗೊಂಡೆ. ಅವಳು ತಾಳ ಸಡಿಲಿಸಲಿಲ್ಲ. ಎರಡು ಬಾರ್ (ಗೆರೆ ಹಾಕಿ ಬೇರ್ಪಡಿಸಿದ ತಾಳದ ತುಂಡು) ದಾಟಿ ಮೂರನೆಯದರಲ್ಲಿ ನಾನು ಮುಂದೆ ಹೋಗಿಬಿಟ್ಟೆ. ನಿಲ್ಲಿಸಿದಳು.

‘ಬೇಗ ಬಂದ್ರಿ. ಮತ್ತೆ.’

ಮತ್ತೆ ಬೇಗ. ಮತ್ತೆ ನಿಲ್ಲಿಸಿದಳು. ‘ಎರಡನೇ ಬೆರಳು ಏಳೋಕೆ ಮುಂಚೆ ಮೂರನೇದು ಬೀಳ್ತಿದೆ. ಮತ್ತೆ.’ ಎಂಟು ಸಲ. ಎಲ್ಲರೂ ಕೂತು ನೋಡುತ್ತಿದ್ದರು. ಕತ್ತಿನಿಂದ ಬೆವರು ಪಿಟೀಲಿಗೆ ಇಳಿಯುತ್ತಿತ್ತು. ಒಂಬತ್ತನೇ ಸಲವೂ ತಪ್ಪಿದೆ. ಅವಳು ಪೆನ್ಸಿಲ್ ತೆಗೆದು ನನ್ನ ಹಾಳೆಯಲ್ಲೇ, ನನ್ನ ಕಣ್ಣೆದುರಿಗೇ, ಆ ಸ್ವರದ ಸುತ್ತ ಒಂದು ವೃತ್ತ ಎಳೆದಳು.

‘ಮಂಗಳವಾರಕ್ಕೆ ಸರಿ ಮಾಡ್ಕೊಂಡು ಬನ್ನಿ. ಆಗಲಿಲ್ಲ ಅಂದ್ರೆ ಆ ನಾಲ್ಕು ಬಾರ್ ಕಮಾನು ಎತ್ತಿಟ್ಟುಕೊಂಡು ಕೂರಿ. ನಾನು ನಿಲ್ಲೋದಿಲ್ಲ.’

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಒಬ್ಬರು ತಿದ್ದಿದ್ದು ಇದೇ ಮೊದಲು. ಅಳು ಬಂತು. ಮುಖ ತೊಳೆಯುವ ನೆಪದಲ್ಲಿ ಹೋಗಿ ಬಂದೆ.

ಆಗಸ್ಟ್ 30, ಶನಿವಾರ. ಬೆಳಿಗ್ಗೆ 6.15

ಬೆಳಿಗ್ಗೆ ಎದ್ದ ಕೂಡಲೇ ಮೇಷ್ಟ್ರ ಮಗಳಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ತೆಗೆಯದಿದ್ದರೂ ಸರಿಯೇ, ನಾನೇ ಮನೆಗೆ ಹೋಗುತ್ತೇನೆ. ಅವಳು ಬಾಗಿಲು ತೆರೆಯದಿದ್ದರೆ ಹೊರಗೆ ನಿಲ್ಲುತ್ತೇನೆ.

ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ ಅರವತ್ತಕ್ಕೆ ಇಟ್ಟೆ. ಮೇಷ್ಟ್ರು ಬರೆದಿರುವ ವೇಗ ನೂರೆಂಟು. ಅರವತ್ತರಲ್ಲಿ ಬಂತು. ಅರವತ್ತಾರರಲ್ಲಿ ಮೂರು ಸಲ ಬಂತು, ನಾಲ್ಕನೇ ಸಲ ಹೋಯಿತು. ಮತ್ತೆ ಅರವತ್ತು. ಎಪ್ಪತ್ತೆರಡರಲ್ಲಿ ಮೂರನೇ ಬೆರಳು ಮುಂಚೆ ಬೀಳುತ್ತದೆ, ಈಗ ನನಗೇ ಕೇಳಿಸುತ್ತದೆ. ಇಷ್ಟು ವರ್ಷ ಕೇಳಿಸಿರಲಿಲ್ಲ.

ಮನೆಯವಳು ಒಳಗಿನಿಂದ: ‘ಅದನ್ನೇ ಎಷ್ಟು ಸಲ ಕುಯ್ತೀರಿ?’

‘ಬರೋವರೆಗೂ.’

‘ಬರದಿದ್ರೆ?’

ಪಿಟೀಲು ಮತ್ತೆ ಹೆಗಲಿಗಿಟ್ಟೆ. ಎಪ್ಪತ್ತೆರಡಕ್ಕೆ ಇನ್ನೊಂದು ಸಲ. ಎರಡನೇ ಬೆರಳು ಏಳುವವರೆಗೆ ಮೂರನೆಯದನ್ನು ಹಿಡಿದು —